ಸೋಸುವುದು ಅಯಸ್ಕಾಂತವಲ್ಲ, ಕಣದ ಮೈ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ‘ವಿಷ ಹೀರುವ ಅಯಸ್ಕಾಂತ’ ಎಂಬ ಬರಹ ಬಂದಿತ್ತು. ನೀರು, ಗಾಳಿ, ರಕ್ತ ಮೂರನ್ನೂ ಅಯಸ್ಕಾಂತ ಹಿಡಿದು ಶುದ್ಧ ಮಾಡಬಹುದು, ಫಿಲ್ಟರ್‌ಗಳ ಕಾಲ ಮುಗಿಯಿತು ಎಂಬ ಧಾಟಿ. ಅದೇ ಪುಟದ ಕೆಳಗೆ, ನಲ್ಲಿ ಪೈಪಿಗೆ ಕಚ್ಚಿಸುವ ಅಯಸ್ಕಾಂತದ ಜಾಹೀರಾತು: ಗಡಸು ನೀರನ್ನು ‘ಸೋಸಿ’ ಮೆದು ಮಾಡುತ್ತದಂತೆ. ಬೇಕೆಂದೇ ಒಟ್ಟಿಗೆ ಹಾಕಿದಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೇಲಿನದನ್ನು ಓದಿದವರು ಕೆಳಗಿನದನ್ನು ನಂಬದಿರಲು ಕಾರಣವೇ ಇರಲಿಲ್ಲ. ನನ್ನ ಪರಿಚಯದವರಲ್ಲೇ ಕೆಲವರು ಪುಟದ ಫೋಟೊ ಕಳಿಸಿ, ‘ನೀನು ಇದೇ ಕೆಲಸದಲ್ಲಿದ್ದೀಯಲ್ಲ, ಇದನ್ನು ತಗೋಬಹುದಾ?’ ಎಂದು ಕೇಳಿದರು. ಈ ಕಾಗದ ಅವರಿಗೂ ಉತ್ತರ.

ಹೌದು, ಇದೇ ಕೆಲಸದಲ್ಲಿದ್ದೇನೆ. ರೋಗ ಪತ್ತೆ ಪ್ರಯೋಗಾಲಯವೊಂದರ ತಂತ್ರಜ್ಞೆ ನಾನು. ಮ್ಯಾಗ್ನೆಟಿಕ್ ಬೀಡ್ಸ್ ಎಂದು ನಾವು ಕರೆಯುವ ಕಾಂತೀಯ ಕಣಗಳ ಜೊತೆಗೇ ನನ್ನ ಹಗಲೆಲ್ಲ ಕಳೆಯುತ್ತದೆ. ಈ ಕಣಗಳ ಬಗ್ಗೆ ನನಗೆ ಗೌರವವಿದೆ, ಆ ಗೌರವದಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಬರಹ ಅಯಸ್ಕಾಂತಕ್ಕೆ ಹಾಕಿದ ಹಾರ ಕಣದ ಕೊರಳಿಗೆ ಬೀಳಬೇಕಾಗಿತ್ತು.

ನಾವು ನೀರಿನಿಂದ ತೆಗೆಯಬೇಕೆಂದಿರುವ ಬಹುತೇಕ ಯಾವುದನ್ನೂ ಅಯಸ್ಕಾಂತ ಎಳೆಯುವುದಿಲ್ಲ. ಆರ್ಸೆನಿಕ್ ಲವಣ, ಸೀಸದ ಲವಣ, ಬಟ್ಟೆಗೆ ಹಾಕುವ ಬಣ್ಣ, ಪ್ಲಾಸ್ಟಿಕ್ ಚೂರು, ಕರುಳಿನ ಬ್ಯಾಕ್ಟೀರಿಯ, ಇವು ಯಾವುವೂ ನೀವು ಎಷ್ಟು ದೊಡ್ಡ ಅಯಸ್ಕಾಂತ ತಂದರೂ ಅದರತ್ತ ಹೊರಳಿ ನೋಡುವುದಿಲ್ಲ. ನೀರಂತೂ ಅಯಸ್ಕಾಂತದಿಂದ ಕೂದಲೆಳೆಯಷ್ಟು ದೂರ ಸರಿಯುವ ಜಾತಿಯದು. ಆದ್ದರಿಂದಲೇ ಹೊರಗಿನಿಂದ ಒಂದು ಕಣವನ್ನು ನೀರಿಗೆ ಹಾಕಬೇಕಾಗುತ್ತದೆ. ಅದರ ಹೊಟ್ಟೆಯಲ್ಲಿ ಕಬ್ಬಿಣದ ಆಕ್ಸೈಡು, ಸಾಮಾನ್ಯವಾಗಿ ಮ್ಯಾಗ್ನೆಟೈಟ್. ಮೈಮೇಲೆ ಒಂದು ಲೇಪ. ಬೇಡದ ವಸ್ತು ಲೇಪಕ್ಕೆ ಅಂಟುತ್ತದೆ, ಹೊಟ್ಟೆಯಲ್ಲಿರುವುದನ್ನು ಅಯಸ್ಕಾಂತ ಎಳೆಯುತ್ತದೆ. ಅಯಸ್ಕಾಂತ ಇಲ್ಲಿ ಬರೀ ಹಮಾಲಿ. ಮೂಟೆಯೊಳಗೆ ಏನಿದೆ ಎಂಬುದು ಹಮಾಲಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ಹಿಡಿದದ್ದನ್ನು ಯಾವಾಗ ಕಳಚಬೇಕು ಎಂಬ ತೀರ್ಮಾನವೆಲ್ಲ ಆ ಲೇಪದ್ದು.

ನನ್ನ ಮೇಜಿನ ಮೇಲೆ ನಡೆಯುವುದನ್ನೇ ಹೇಳುತ್ತೇನೆ. ರೋಗಿಯ ಮಾದರಿಯಿಂದ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ತೆಗೆಯಬೇಕು. ಮೊದಲು ಗ್ವಾನಿಡಿನ್ ಲವಣದ ದ್ರಾವಣ ಹಾಕುತ್ತೇವೆ. ಜೀವಕೋಶ, ವೈರಸ್ಸು ಎಲ್ಲ ಒಡೆದು ಒಳಗಿನದು ಹೊರಗೆ ಬರುತ್ತದೆ. ಅದಕ್ಕೆ ಆಲ್ಕೋಹಾಲು, ಆಮೇಲೆ ಬೀಡ್ಸ್. ಬೀಡ್ಸ್ ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಪಿಪೆಟ್‌ಗೆ ಎಳೆದುಕೊಳ್ಳಬೇಕು, ಇಲ್ಲವಾದರೆ ಕಣ ತಳದಲ್ಲೇ ಕೂತು ಬರೀ ನೀರು ಬರುತ್ತದೆ. ಹೊಸಬರಿಗೆ ನಾನು ಮೊದಲು ಕಲಿಸುವುದೇ ಇದನ್ನು. ಬೀಡ್ಸ್ ಬಿದ್ದ ಕೂಡಲೇ ಟ್ಯೂಬಿನಲ್ಲಿರುವುದೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಹೊತ್ತು ಅಲುಗಾಡಿಸಿ, ಬದಿಯಲ್ಲಿ ಅಯಸ್ಕಾಂತ ಕೂರಿಸಿರುವ ಸ್ಟ್ಯಾಂಡಿಗೆ ಟ್ಯೂಬನ್ನು ಇಳಿಸಿದರೆ ಕಂದು ಬಣ್ಣ ಒಂದೇ ಪಕ್ಕಕ್ಕೆ ಹರಿಯತೊಡಗುತ್ತದೆ. ನೋಡುತ್ತಿದ್ದಂತೆಯೇ ಗೋಡೆಯ ಮೇಲೆ ಒಂದು ಗಾಢ ಪಟ್ಟಿ, ಉಳಿದದ್ದು ತಿಳಿಯಾದ ದ್ರವ. ಆ ದ್ರವವನ್ನು ಪಿಪೆಟ್‌ನಿಂದ ಹೀರಿ ಬಿಸಾಡುತ್ತೇವೆ. ಪಿಪೆಟ್ ತುದಿ ಪಟ್ಟಿಗೆ ತಾಗಬಾರದು.

ಆಮೇಲೆ ಎಥನಾಲಿನಲ್ಲಿ ತೊಳೆಯುವುದು, ಒಣಗಿಸುವುದು. ಈ ಒಣಗಿಸುವುದು ಕಣ್ಣಳತೆಯ ಕೆಲಸ. ಎಥನಾಲು ಉಳಿದರೆ ಮುಂದೆ ಆ ಆರ್‌ಎನ್‌ಎ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ಕೈಕೊಡುತ್ತದೆ. ಅತಿಯಾಗಿ ಒಣಗಿದರೆ ಪಟ್ಟಿ ಬಿರುಕು ಬಿಡುತ್ತದೆ, ಆಗ ಹಿಡಿದದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪಟ್ಟಿಯ ಹೊಳಪು ಹೋಗಿ ಮಂಕಾಗುತ್ತದಲ್ಲ, ಅದೇ ಸರಿಯಾದ ಹೊತ್ತು. ಕೊನೆಗೆ ಲವಣವಿಲ್ಲದ ಶುದ್ಧ ನೀರು ಹಾಕಿ ಕಲಕಿದರೆ ಆರ್‌ಎನ್‌ಎ ಕಣವನ್ನು ಬಿಟ್ಟು ನೀರಿಗಿಳಿಯುತ್ತದೆ. ಮತ್ತೆ ಅಯಸ್ಕಾಂತಕ್ಕೆ ಇಟ್ಟು ಈಗ ದ್ರವವನ್ನು ಉಳಿಸಿಕೊಳ್ಳುತ್ತೇವೆ, ಕಣವನ್ನು ಎಸೆಯುತ್ತೇವೆ.

ಇದರಲ್ಲಿ ಅಯಸ್ಕಾಂತ ಮೊದಲಿಂದ ಕೊನೆಯವರೆಗೂ ಒಂದೇ. ಅದರ ಬಲ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಬದಲಾದದ್ದು ಲವಣ ಮತ್ತು ಆಲ್ಕೋಹಾಲು. ಕಣದ ಮೇಲಿನ ಸಿಲಿಕಾ ಲೇಪ ಲವಣ ಹೆಚ್ಚಿದ್ದಾಗ ಆರ್‌ಎನ್‌ಎಯನ್ನು ಹಿಡಿಯಿತು, ಲವಣ ಹೋದಾಗ ಬಿಟ್ಟಿತು. ಕೋವಿಡ್ ಕಾಲದಲ್ಲಿ ಜಗತ್ತಿನಾದ್ಯಂತ ಪ್ರಯೋಗಾಲಯಗಳು ಹಗಲು ರಾತ್ರಿ ಮಾಡಿದ ಪರೀಕ್ಷೆಗಳಲ್ಲಿ ಬಹಳಷ್ಟಕ್ಕೆ ಆಧಾರ ಇದೇ ಕೆಲಸ. ಯಂತ್ರ ಒಂದೇ ಸಲಕ್ಕೆ 96 ಗುಳಿಗಳಲ್ಲಿ ಇದನ್ನು ಮಾಡುತ್ತಿತ್ತು. ಕೆಲವು ಯಂತ್ರಗಳಲ್ಲಿ ದ್ರವ ಕದಲುವುದೇ ಇಲ್ಲ. ಪ್ಲಾಸ್ಟಿಕ್ ಕವಚ ತೊಟ್ಟ ಅಯಸ್ಕಾಂತದ ಕಡ್ಡಿಗಳು ಇಳಿದು, ಕಣಗಳನ್ನು ಎತ್ತಿಕೊಂಡು ಪಕ್ಕದ ಗುಳಿಗೆ ಒಯ್ಯುತ್ತವೆ. ಕಡ್ಡಿ ಹಿಂದೆ ಸರಿದರೆ ಕಣ ಕೆಳಗೆ ಬೀಳುತ್ತದೆ. ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ, ಆದರೂ ಒಂದು ಕ್ಷಣ ನಿಂತು ನೋಡದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಅಯಸ್ಕಾಂತ ತೆಗೆದ ಕೂಡಲೇ ಕಣಗಳು ಮತ್ತೆ ಬಿಡಿಬಿಡಿಯಾಗುತ್ತವಲ್ಲ, ಅದು ತಾನಾಗಿ ಆಗುವ ಸಂಗತಿಯಲ್ಲ. ಕಬ್ಬಿಣದ ಪುಡಿಗೆ ಅಯಸ್ಕಾಂತ ತಾಗಿಸಿ ನೋಡಿ, ತೆಗೆದ ಮೇಲೂ ಪುಡಿ ಸ್ವಲ್ಪ ಅಯಸ್ಕಾಂತವಾಗಿಯೇ ಉಳಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಗಂಟು ಕಟ್ಟಿದ ಕಣದ ಮೈ ಒಳಗೆ ಅಡಗಿಹೋಗುತ್ತದೆ, ಹಿಡಿಯುವ ಜಾಗವೇ ಇಲ್ಲವಾಗುತ್ತದೆ. ಮ್ಯಾಗ್ನೆಟೈಟ್ ಹರಳನ್ನು ಸುಮಾರು 20 ನ್ಯಾನೋಮೀಟರ್‌ಗಿಂತ ಸಣ್ಣದು ಮಾಡಿದರೆ ಕಥೆ ಬೇರೆ. ಆ ಗಾತ್ರದಲ್ಲಿ ಹರಳಿನ ಉತ್ತರ ದಕ್ಷಿಣಗಳನ್ನು ಸುತ್ತಲಿನ ಬಿಸಿಯೇ ಕ್ಷಣಕ್ಷಣಕ್ಕೂ ತಿರುಗಿಸಿಹಾಕುತ್ತಿರುತ್ತದೆ. ಹೊರಗಿನ ಅಯಸ್ಕಾಂತ ಬಂದಾಗ ಎಲ್ಲವೂ ಒಂದೇ ದಿಕ್ಕಿಗೆ ನಿಲ್ಲುತ್ತವೆ, ಹೋದಾಗ ಒಟ್ಟಾರೆ ಕಾಂತತ್ವ ಸೊನ್ನೆ. ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಪುಸ್ತಕದಲ್ಲಿ ಓದಿದ್ದು ಇದನ್ನೇ. ನಾವು ಬಳಸುವ ಬೀಡು ಇಂಥ ಅಸಂಖ್ಯ ಹರಳುಗಳನ್ನು ಒಡಲಲ್ಲಿ ತುಂಬಿಕೊಂಡ ಒಂದು ಗುಂಡು.

ಆ ಗುಂಡುಗಳನ್ನು ಒಂದೇ ಅಳತೆಯಲ್ಲಿ ಮಾಡುವುದೇ ಒಂದು ಕಾಲಕ್ಕೆ ದೊಡ್ಡ ಸವಾಲಾಗಿತ್ತು. ಭೂಮಿಯ ಮೇಲೆ ಪ್ಲಾಸ್ಟಿಕ್ ಗುಂಡು ಬೆಳೆಸುತ್ತ ಹೋದರೆ ತೇಲುವುದೋ ಮುಳುಗುವುದೋ ಆಗಿ ಆಕಾರ ಕೆಡುತ್ತದೆ ಎಂದು 1980ರ ದಶಕದ ಆರಂಭದಲ್ಲಿ ಅಮೆರಿಕದವರು ಬಾಹ್ಯಾಕಾಶ ನೌಕೆಯಲ್ಲಿ ಅದನ್ನು ಮಾಡಿ ನೋಡಿದರು. ನಾರ್ವೆಯ ರಸಾಯನ ವಿಜ್ಞಾನಿ ಜಾನ್ ಉಗೆಲ್‌ಸ್ಟಾಡ್ ಅದನ್ನು ನೆಲದ ಮೇಲೆಯೇ ಸಾಧಿಸಿದ್ದರು. ಆ ಗುಂಡುಗಳಿಗೆ ಕಬ್ಬಿಣದ ಆಕ್ಸೈಡು ತುಂಬಿ, ಮೇಲೆ ಪ್ರತಿಕಾಯ, ಅಂದರೆ ಗುರಿಯನ್ನು ಗುರುತಿಸಿ ಅದಕ್ಕೇ ಅಂಟುವ ಪ್ರೋಟೀನು, ಅಂಟಿಸಿದಾಗ ಅವು ವೈದ್ಯರ ಕೈಗೆ ಬಂದವು. 1980ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ, ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್ ಇದ್ದ ಮಕ್ಕಳ ಮೂಳೆಮಜ್ಜೆಯಿಂದ ಕ್ಯಾನ್ಸರ್ ಕೋಶಗಳನ್ನು ಹೆಕ್ಕಿ ತೆಗೆಯಲು ಇವನ್ನು ಬಳಸಿದರು. ಅಲ್ಲಿ ಕ್ಯಾನ್ಸರ್ ಕೋಶ ಯಾವುದು, ಆರೋಗ್ಯವಂತ ಕೋಶ ಯಾವುದು ಎಂದು ಗುರುತಿಸಿದ್ದು ಪ್ರತಿಕಾಯ. ಎಳೆದದ್ದು ಮಾತ್ರ ಅಯಸ್ಕಾಂತ.

ನಿಮ್ಮ ಬರಹದಲ್ಲಿ ‘ಎಷ್ಟು ಸಣ್ಣ ಕಣವೋ ಅಷ್ಟು ಒಳ್ಳೆಯದು’ ಎಂದಿತ್ತು. ಅರ್ಧ ನಿಜ. ಲೆಕ್ಕ ಹಾಕಿ ನೋಡೋಣ. 300 ನ್ಯಾನೋಮೀಟರಿನ ಮ್ಯಾಗ್ನೆಟೈಟ್ ಕಣಗಳು ಒಂದು ಗ್ರಾಂ ಇದ್ದರೆ ಅವುಗಳ ಒಟ್ಟು ಮೈ 4 ಚದರ ಮೀಟರಿಗಿಂತ ಕಡಿಮೆ. ಅದೇ ಒಂದು ಗ್ರಾಂ 12 ನ್ಯಾನೋಮೀಟರಿನ ಕಣಗಳಾದರೆ ಹತ್ತಿರ ಹತ್ತಿರ 100 ಚದರ ಮೀಟರ್. ಹಿಡಿಯುವ ಜಾಗ 25 ಪಟ್ಟು ಹೆಚ್ಚಿತು. ಆದರೆ ಒಂದೊಂದು ಕಣದ ಮೇಲೆ ಅಯಸ್ಕಾಂತ ಹಾಕುವ ಬಲ ಕಣದ ಘನಗಾತ್ರಕ್ಕೆ ತಕ್ಕಂತಿರುತ್ತದೆ. ಅದು 15,000 ಪಟ್ಟಿಗೂ ಹೆಚ್ಚು ಇಳಿಯಿತು. ಅಷ್ಟು ಸಣ್ಣ ಕಣವನ್ನು ನೀರಿನ ಅಣುಗಳೇ ಅತ್ತಿಂದಿತ್ತ ತಳ್ಳಾಡುತ್ತಿರುತ್ತವೆ. ಬಲವಾದ ಅಯಸ್ಕಾಂತ ಇಟ್ಟರೂ ಅದು ಬಾರದೇ ಇರಬಹುದು. ಹಿಡಿಯಲು ಸಣ್ಣದಾಗಬೇಕು, ಎಳೆಯಲು ದೊಡ್ಡದಾಗಬೇಕು. ಈ ಕ್ಷೇತ್ರದ ಜಗಳವೆಲ್ಲ ಇಲ್ಲೇ ಇದೆ.

ಅದಕ್ಕೇ 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿಕಿ ಕಾಲ್ವಿನ್ ಮತ್ತು ಸಂಗಡಿಗರ ಕೆಲಸ ಬಂದಾಗ ಜನ ಬೆರಗಾದದ್ದು. 12 ನ್ಯಾನೋಮೀಟರಿನ ಒಂದೇ ಅಳತೆಯ ಮ್ಯಾಗ್ನೆಟೈಟ್ ಹರಳುಗಳನ್ನು ಆರ್ಸೆನಿಕ್ ಇದ್ದ ನೀರಿಗೆ ಹಾಕಿ, ಅಂಥ ಭಾರಿ ಅಯಸ್ಕಾಂತವೇನೂ ಇಲ್ಲದೆ ಎಳೆದು ತೋರಿಸಿದರು. ಅಯಸ್ಕಾಂತದ ಬಳಿ ಬಂದಾಗ ಹರಳುಗಳು ಒಂಟೊಂಟಿಯಾಗಿ ವರ್ತಿಸದೆ ಗುಂಪುಗೂಡಿ ಸಾಗುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಆರ್ಸೆನಿಕ್ ಹಿಡಿಯಲು ಬೇರೆ ಲೇಪವೂ ಬೇಕಿಲ್ಲ, ಕಬ್ಬಿಣದ ಆಕ್ಸೈಡಿನ ಬರಿಮೈಗೇ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆ ಸೂಕ್ಷ್ಮ ಮಟ್ಟಕ್ಕೆ ಇಳಿಸಬೇಕಾದಾಗ 100 ಚದರ ಮೀಟರಿನ ಮೈ ಎಂಬುದು ಅಲಂಕಾರದ ಮಾತಲ್ಲ.

ನಿಮ್ಮ ಲೇಖಕರು ಕಾಲ್ವಿನ್ ಅವರ ಈ ಕೆಲಸದ ಬಗ್ಗೆ ಬರೆದಿದ್ದಾರೆ, ಸಂತೋಷ. ಆದರೆ ನೆಲದಡಿಯ ನೀರಿನಲ್ಲಿ ಫಾಸ್ಫೇಟು, ಸಿಲಿಕೇಟುಗಳೂ ಇರುತ್ತವೆ. ಅವೂ ಕಬ್ಬಿಣದ ಆಕ್ಸೈಡಿನ ಅದೇ ಜಾಗಕ್ಕೆ ಪೈಪೋಟಿಗೆ ನಿಲ್ಲುತ್ತವೆ. ಫಾಸ್ಫೇಟಿನ ರಸಾಯನಿಕ ಸ್ವಭಾವ ಆರ್ಸೆನೇಟಿಗೆ (ನೀರಿನಲ್ಲಿ ಆರ್ಸೆನಿಕ್ ಇರುವ ಒಂದು ರೂಪ) ಎಷ್ಟು ಹತ್ತಿರವೆಂದರೆ ಕಣಕ್ಕೆ ಎರಡರ ವ್ಯತ್ಯಾಸ ಅಷ್ಟಾಗಿ ತಿಳಿಯುವುದೇ ಇಲ್ಲ. ಬೀಕರಿನ ಶುದ್ಧ ನೀರಿಗೆ ಆರ್ಸೆನಿಕ್ ಒಂದನ್ನೇ ಬೆರೆಸಿ ಬಂದ ಅಂಕಿಯನ್ನು ಬಾವಿ ನೀರಿಗೆ ಹಾಗೆಯೇ ಹಚ್ಚುವಂತಿಲ್ಲ. ಜೊತೆಗೆ, ಆರ್ಸೆನಿಕ್ ಹಿಡಿದ ಕಣ ಎಂದರೆ ಆರ್ಸೆನಿಕ್ ಒತ್ತಾಗಿ ಸೇರಿದ ಗಸಿ. ಅದನ್ನು ಎಲ್ಲಿ ಹಾಕುತ್ತೀರಿ? ಇಡೀ ಬರಹದಲ್ಲಿ ಈ ಪ್ರಶ್ನೆಗೆ ಒಂದು ಸಾಲೂ ಸಿಗಲಿಲ್ಲ. ನಮ್ಮ ಲ್ಯಾಬಿನಲ್ಲಿ ಬಳಸಿದ ಬೀಡ್ಸ್‌ಗೆ ಬೇರೆಯೇ ಡಬ್ಬ ಇದೆ, ಅದರ ಲೆಕ್ಕ ಬರೆಯಲು ಒಂದು ಪುಸ್ತಕವೂ ಇದೆ. ಅಲ್ಲಿರುವುದು ಬೆರಳ ತುದಿಯಷ್ಟು ಕಣ.

ಇನ್ನು ‘ಬಲಶಾಲಿ ಅಯಸ್ಕಾಂತ’ ಎಂಬ ಪದಪುಂಜ ಮತ್ತೆ ಮತ್ತೆ ಬಂದಿದೆ. ಕಣ ಸರಿಯುವುದಕ್ಕೆ ಕಾಂತಕ್ಷೇತ್ರ ಬಲವಾಗಿದ್ದರಷ್ಟೇ ಸಾಲದು, ಒಂದು ಜಾಗದಿಂದ ಇನ್ನೊಂದಕ್ಕೆ ಅದು ಬದಲಾಗುತ್ತಿರಬೇಕು. ಎಲ್ಲ ಕಡೆಯೂ ಒಂದೇ ಸಮ ಇರುವ ಕ್ಷೇತ್ರದಲ್ಲಿ ಕಣ ತಿರುಗಿ ನಿಲ್ಲುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ. ಎಂಆರ್‌ಐ ಯಂತ್ರ ಕಬ್ಬಿಣದ ವಸ್ತುವನ್ನು ಭೀಕರವಾಗಿ ಸೆಳೆಯುವುದು ಅದರ ಬಾಯಿಯ ಹತ್ತಿರ, ಕ್ಷೇತ್ರ ಏಕಾಏಕಿ ಏರುವ ಕಡೆ. ನಟ್ಟನಡುವೆ ಸೆಳೆತ ಕಡಿಮೆ.

ಇದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಹೆನ್ರಿ ಕೋಮ್ ಒಬ್ಬರು. ಸುಮಾರು 1970ರ ಹೊತ್ತಿಗೆ ಅವರು ಮಾಡಿದ್ದು ಸರಳ ಉಪಾಯ: ವಿದ್ಯುತ್ಕಾಂತದ ಸುರುಳಿಯೊಳಗೆ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಎಳೆಗಳ ಸಿಂಬೆಯನ್ನು ತುರುಕಿ, ಅದರ ಮೂಲಕ ದ್ರವ ಹರಿಸುವುದು. ಪ್ರತಿ ಎಳೆಯ ಅಂಚಿನಲ್ಲೂ ಕ್ಷೇತ್ರ ಚಿಕ್ಕ ಜಾಗದಲ್ಲಿ ಕಡಿದಾಗಿ ಏರುತ್ತದೆ, ಅಲ್ಲಿಗೆ ಕಣ ಹೋಗಿ ಕೂರುತ್ತದೆ. ಕಾಗದಕ್ಕೆ ಹೊಳಪು ಕೊಡಲು ಬಳಸುವ ಬಿಳಿ ಜೇಡಿಯಲ್ಲಿ ಕಬ್ಬಿಣ ಸೇರಿ ಕಲೆಯಾದ ಟೈಟೇನಿಯಂ ಖನಿಜದ ನುಣುಪು ಪುಡಿ ಇರುತ್ತದೆ. ಅದನ್ನು ಹೀಗೆ ತೆಗೆದು ಜೇಡಿಯನ್ನು ಬೆಳ್ಳಗೆ ಮಾಡುವುದು ಇಂದಿಗೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವ ಕೈಗಾರಿಕೆ. ಕಾಂತೀಯ ಶೋಧನೆ ‘ನಾಳೆಯ ತಂತ್ರಜ್ಞಾನ’ ಅಲ್ಲ ಸ್ವಾಮಿ, ಅರ್ಧ ಶತಮಾನ ಹಳೆಯದು.

ನನ್ನ ತಮ್ಮ ವಿದ್ಯುತ್ ಸ್ಥಾವರವೊಂದರಲ್ಲಿ ಬಾಯ್ಲರ್ ನೀರಿನ ರಸಾಯನ ನೋಡಿಕೊಳ್ಳುತ್ತಾನೆ. ನಿಮ್ಮ ಬರಹವನ್ನು ಅವನಿಗೆ ಓದಿ ಹೇಳಿದಾಗ ‘ನಮಗೆ ಕಣ ಹಾಕೋ ತಾಪತ್ರಯವೇ ಇಲ್ಲ ಕಣಕ್ಕ, ಪೈಪೇ ಹಾಕುತ್ತೆ’ ಎಂದು ನಕ್ಕ. ಬಿಸಿ ನೀರಿನಲ್ಲಿ ಉಕ್ಕಿನ ಪೈಪು ಸವೆದು ಬರುವ ಪುಡಿಯ ದೊಡ್ಡ ಪಾಲು ಮ್ಯಾಗ್ನೆಟೈಟೇ. ಅದನ್ನು ಹಿಡಿಯಲು ಕೆಲವು ಸ್ಥಾವರಗಳಲ್ಲಿ ವಿದ್ಯುತ್ಕಾಂತೀಯ ಫಿಲ್ಟರ್ ಇರುತ್ತದೆ. ಒಂದು ಪಾತ್ರೆ ತುಂಬ ಉಕ್ಕಿನ ಗೋಲಿಗಳು, ಸುತ್ತ ತಂತಿಯ ಸುರುಳಿ. ವಿದ್ಯುತ್ ಹರಿಯುತ್ತಿರುವಾಗ ಪುಡಿ ಗೋಲಿಗಳಿಗೆ ಅಂಟುತ್ತದೆ, ವಿದ್ಯುತ್ ನಿಲ್ಲಿಸಿ ನೀರು ಹಾಯಿಸಿದರೆ ತೊಳೆದುಹೋಗುತ್ತದೆ. ನೀರಿನಲ್ಲಿ ಕರಗಿದ್ದನ್ನು ಹಿಡಿಯುವ ಸಾಮಾನ್ಯ ರೆಸಿನ್ ಕಾಳುಗಳು ತಾಳದಷ್ಟು ಬಿಸಿ ನೀರಿನಲ್ಲೂ ಇದು ನಡೆಯುತ್ತದೆ, ಮ್ಯಾಗ್ನೆಟೈಟ್ ತನ್ನ ಗುಣ ಕಳೆದುಕೊಳ್ಳಬೇಕಾದರೆ 580 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಬೇಕು. ‘ಆದರೆ ಕರಗಿದ ಕಬ್ಬಿಣ ಸಲೀಸಾಗಿ ದಾಟಿಹೋಗುತ್ತೆ, ಅದನ್ನೂ ಬರಿ’ ಅಂದ. ಬರೆದಿದ್ದೇನೆ. ಪುಡಿಯಾಗಿದ್ದರೆ ಸಿಗುತ್ತದೆ, ಕರಗಿದ್ದರೆ ಇಲ್ಲ. ಅದೇ ಕಬ್ಬಿಣ!

ಊರಿಗೆಲ್ಲ ನೀರು ಕೊಡುವ ಮಟ್ಟದಲ್ಲಿ ಈ ಕಣಗಳನ್ನು ಪಳಗಿಸಿದವರು ಆಸ್ಟ್ರೇಲಿಯಾದವರು. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ರೂಪಿಸಿದ ಸಿರೋಫ್ಲಾಕ್ ವಿಧಾನದಲ್ಲಿ ಕೆಲವೇ ಮೈಕ್ರಾನ್ ಗಾತ್ರದ ಮ್ಯಾಗ್ನೆಟೈಟ್ ಪುಡಿಯನ್ನು ನೀರಿಗೆ ಬೆರೆಸುತ್ತಾರೆ. ನೀರು ಸ್ವಲ್ಪ ಆಮ್ಲೀಯವಾಗಿದ್ದರೆ ಪುಡಿಯ ಮೈಗೆ ಧನ ವಿದ್ಯುದಂಶ ಬರುತ್ತದೆ, ಕೊಳೆತ ಎಲೆಗಳಿಂದ ನೀರಿಗೆ ಇಳಿದ ಬಣ್ಣವೂ ಮಣ್ಣಿನ ಸೂಕ್ಷ್ಮ ಕಣವೂ ಋಣ ಅಂಶದವಾದ್ದರಿಂದ ಬಂದು ಅಂಟುತ್ತವೆ. ಪುಡಿಯನ್ನು ಬೇರ್ಪಡಿಸಿ ಕ್ಷಾರದಲ್ಲಿ ತೊಳೆದರೆ ಮೈಯ ವಿದ್ಯುದಂಶ ತಿರುವುಮುರುವಾಗಿ ಕೊಳೆ ಬಿಟ್ಟುಹೋಗುತ್ತದೆ, ಅದೇ ಪುಡಿ ಮತ್ತೆ ಕೆಲಸಕ್ಕೆ. ನನ್ನ ಟ್ಯೂಬಿನಲ್ಲಿ ಲವಣ ಮಾಡಿದ್ದನ್ನು ಇಲ್ಲಿ ಆಮ್ಲ ಕ್ಷಾರಗಳು ಮಾಡುತ್ತವೆ.

ಅದೇ ದೇಶದಲ್ಲಿ ಬೆಳೆದ ಇನ್ನೊಂದು ವಿಧಾನ ಮೈಎಕ್ಸ್. 2001ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಪ್ಲೆಸೆಂಟ್‌ನಲ್ಲಿ ಶುರುವಾಯಿತು. ಇದರಲ್ಲಿ ಕಬ್ಬಿಣದ ಆಕ್ಸೈಡು ಸೇರಿಸಿದ ರೆಸಿನ್ ಕಾಳುಗಳು ನೀರಿನಲ್ಲಿ ಕರಗಿದ ಸಾವಯವ ಆಮ್ಲಗಳನ್ನು ಹಿಡಿದು ಕ್ಲೋರೈಡನ್ನು ಬಿಡುತ್ತವೆ. ತಮಾಷೆಯೆಂದರೆ ಈ ಘಟಕಕ್ಕೆ ಹೊರಗಿನ ಅಯಸ್ಕಾಂತವೇ ಬೇಕಿಲ್ಲ! ಕಾಳುಗಳೇ ಒಂದೊಂದು ಪುಟ್ಟ ಅಯಸ್ಕಾಂತ. ಕಲಕುವುದನ್ನು ನಿಲ್ಲಿಸಿದರೆ ಸಾಕು, ತಾವೇ ಒಂದಕ್ಕೊಂದು ಅಂಟಿ ಗುಂಪಾಗಿ ಬೇಗ ತಳಕ್ಕಿಳಿಯುತ್ತವೆ. ನಮ್ಮ ಲ್ಯಾಬಿನಲ್ಲಿ ಯಾವುದು ಆಗಬಾರದು ಎಂದು ಹೆಣಗುತ್ತೇವೋ ಅದನ್ನೇ ಅಲ್ಲಿ ಬಯಸಿ ಮಾಡಿದ್ದಾರೆ. ಅಲ್ಲೂ ಕಾಳುಗಳನ್ನು ಉಪ್ಪುನೀರಿನಲ್ಲಿ ತೊಳೆಯಬೇಕು, ತೊಳೆದ ಉಪ್ಪುನೀರಿಗೆ ಒಂದು ದಾರಿ ಕಾಣಿಸಬೇಕು.

ಮೈಕ್ರೋಪ್ಲಾಸ್ಟಿಕ್ ತೆಗೆಯುವ ಐರ್ಲೆಂಡಿನ ಹುಡುಗ ಫಿಯೋನ್ ಫೆರೇರಾ ಬಗ್ಗೆ ನೀವು ಬರೆದಿದ್ದು ಸರಿಯಾಗಿದೆ. ಎಣ್ಣೆಯಲ್ಲಿ ಮ್ಯಾಗ್ನೆಟೈಟ್ ಬೆರೆಸಿ ನೀರಿಗೆ ಹಾಕಿದರೆ ಪ್ಲಾಸ್ಟಿಕ್ ಚೂರುಗಳು ಎಣ್ಣೆಯ ಜೊತೆ ಸೇರುತ್ತವೆ, ಆಗ ಎಲ್ಲವನ್ನೂ ಅಯಸ್ಕಾಂತದಿಂದ ಎತ್ತಬಹುದು ಎಂದು ತೋರಿಸಿ ಆತ 2019ರ ಗೂಗಲ್ ವಿಜ್ಞಾನ ಮೇಳದಲ್ಲಿ ಗೆದ್ದ. ಅಲ್ಲಿ ಪ್ಲಾಸ್ಟಿಕ್ಕನ್ನು ಹಿಡಿದದ್ದು ಎಣ್ಣೆ. ಅಷ್ಟು ಸೇರಿಸಿದ್ದರೆ ಸಾಕಿತ್ತು.

ರಕ್ತದ ವಿಷಯಕ್ಕೆ ಬಂದಾಗ ಮಾತ್ರ ನನಗೆ ಸಿಟ್ಟು ಬಂತು. ‘ಸೋಂಕಿತ ರಕ್ತವನ್ನು ಅಯಸ್ಕಾಂತದಿಂದ ಸೋಸುವ ಯಂತ್ರ ಬಂದಾಗಿದೆ’ ಎಂದು ಬರೆದಿದ್ದೀರಿ. ನೀವು ಹೇಳುತ್ತಿರುವುದು ಹಾರ್ವರ್ಡ್‌ನ ವಿಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ ಇರಬೇಕು. ನಮ್ಮ ರಕ್ತದಲ್ಲೇ ಇರುವ, ಬಹಳಷ್ಟು ರೋಗಾಣುಗಳ ಮೇಲ್ಮೈಯ ಸಕ್ಕರೆಗಳಿಗೆ ಅಂಟುವ ಒಂದು ಪ್ರೋಟೀನನ್ನು ಸ್ವಲ್ಪ ಮಾರ್ಪಡಿಸಿ ಕಾಂತೀಯ ಕಣಕ್ಕೆ ಲೇಪಿಸಿದ್ದರು. ರಕ್ತವನ್ನು ದೇಹದ ಹೊರಗೆ ಹರಿಸಿ, ಕಣ ಬೆರೆಸಿ, ಎಳೆದು, ಮತ್ತೆ ದೇಹಕ್ಕೆ ಬಿಟ್ಟರು. ಬ್ಯಾಕ್ಟೀರಿಯಗಳಲ್ಲಿ ಶೇ 90ಕ್ಕಿಂತ ಹೆಚ್ಚು ಹೋದವು. ಹೋದದ್ದು ಇಲಿಯ ರಕ್ತದಿಂದ. ಇಲಿ ಎಂಬ ಎರಡಕ್ಷರಕ್ಕೆ ಅರ್ಧ ಪುಟದಲ್ಲಿ ಜಾಗ ಸಿಗಲಿಲ್ಲವೇ? ರಕ್ತದ ಸೋಂಕಿನಿಂದ ಯಾರಾದರೂ ತೀವ್ರ ನಿಗಾ ಘಟಕದಲ್ಲಿ ಮಲಗಿರುವ ಮನೆಯವರು ಆ ಸಾಲು ಓದಿ, ‘ಆ ಯಂತ್ರ ತರಿಸಿ’ ಎಂದು ವೈದ್ಯರನ್ನು ಕೇಳುತ್ತಾರೆ.

ಹೊರಗಿನ ಕಣವೇ ಬೇಡದ ಒಂದು ಅಪರೂಪದ ಉದಾಹರಣೆ ರಕ್ತದಲ್ಲಿಯೇ ಇದೆ, ಅದನ್ನು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಮಲೇರಿಯಾ ಪರೋಪಜೀವಿ ಹಿಮೋಗ್ಲೋಬಿನ್ ತಿಂದು, ಉಳಿದ ಕಬ್ಬಿಣದ ಅಂಶವನ್ನು ಹೀಮೋಜಾಯಿನ್ ಎಂಬ ಹರಳಾಗಿ ಕೂಡಿಡುತ್ತದೆ. ಆ ಹರಳು ಅಯಸ್ಕಾಂತಕ್ಕೆ ಅಲ್ಪಸ್ವಲ್ಪ ಸ್ಪಂದಿಸುತ್ತದೆ. ಉಕ್ಕಿನ ಜಾಲರಿ ತುಂಬಿದ ಕೊಳವೆಯನ್ನು ಅಯಸ್ಕಾಂತದ ನಡುವೆ ಇಟ್ಟು ರಕ್ತ ಹರಿಸಿದರೆ ಬಲಿತ ಪರೋಪಜೀವಿ ಹೊತ್ತ ಕೆಂಪುಕಣಗಳು ಅಲ್ಲೇ ಉಳಿಯುತ್ತವೆ. ಸಂಶೋಧಕರಿಗೆ ಇದು ದಿನನಿತ್ಯದ ಉಪಾಯ.

ಗಾಳಿಗೆ ನಿಮ್ಮ ಬರಹ ಕೊಟ್ಟದ್ದು ಒಂದೇ ಸಾಲು: ‘ಗಾಳಿಗೂ ಇದೇ ವಿಧಾನ.’ ಇದೇ ವಿಧಾನ ಅಲ್ಲ. ನೀರಿನಲ್ಲಿ ಕಣವನ್ನು ಬೆರೆಸಿದರೆ ತೇಲುತ್ತಿರುತ್ತದೆ, ಗಾಳಿಯಲ್ಲಿ ಹಾಗೆ ನಿಲ್ಲಿಸಲಾಗದು, ನಿಲ್ಲಿಸಿದರೆ ಅದೇ ಹೊಸ ಧೂಳು. ಅದಕ್ಕೆ ಕಣಗಳನ್ನು ಒಂದು ಕೊಳವೆಯಲ್ಲಿ ಹಾಸಿ, ಕೆಳಗಿನಿಂದ ಅನಿಲ ಊದುತ್ತಾರೆ. ರಭಸ ಹೆಚ್ಚಿದರೆ ಕಣಗಳ ರಾಶಿ ಕುದಿಯುವಂತೆ ಏಳುತ್ತದೆ, ಅನಿಲ ದೊಡ್ಡ ಗುಳ್ಳೆಗಳಾಗಿ ಕಣಕ್ಕೆ ತಾಗದೆಯೇ ನುಸುಳಿ ಹೋಗುತ್ತದೆ. 1970ರ ದಶಕದ ಕೊನೆಯಲ್ಲಿ ಎಕ್ಸಾನ್ ಕಂಪನಿಯಲ್ಲಿದ್ದ ರೊನಾಲ್ಡ್ ರೋಸೆನ್ಸ್‌ವೈಗ್, ಅನಿಲದ ಹರಿವಿನ ನೇರಕ್ಕೆ ಒಂದೇ ಸಮನಾದ ಕಾಂತಕ್ಷೇತ್ರ ಕೊಟ್ಟರೆ ಗುಳ್ಳೆಗಳು ಏಳುವುದೇ ಇಲ್ಲ ಎಂದು ತೋರಿಸಿದರು. ರಾಶಿ ಉಬ್ಬಿರುತ್ತದೆ, ಆದರೆ ಅಲುಗುವುದಿಲ್ಲ. ಅನಿಲ ಪ್ರತಿ ಕಣವನ್ನೂ ಸವರಿಕೊಂಡು ಹೋಗಬೇಕಾಗುತ್ತದೆ, ಅದರಲ್ಲಿನ ಧೂಳು ಸಿಕ್ಕಿಕೊಳ್ಳುತ್ತದೆ. ಇಲ್ಲಿ ಅಯಸ್ಕಾಂತ ಎಳೆಯುವ ಕೆಲಸವನ್ನೂ ಮಾಡುತ್ತಿಲ್ಲ, ಕಣಗಳನ್ನು ಸುಮ್ಮನಿರಿಸುತ್ತಿದೆ ಅಷ್ಟೆ.

ಇಂಗಾಲದ ಡೈಆಕ್ಸೈಡ್ ವಿಚಾರದಲ್ಲಿ ಇನ್ನೂ ಬೇರೆ. ಅದನ್ನು ಹೀರುವ ರಂಧ್ರಮಯ ವಸ್ತುಗಳು ಹಲವಿವೆ. ಹೀರಿದ್ದನ್ನು ಬಿಡಿಸುವುದೇ ಕಷ್ಟ, ರಾಶಿಯನ್ನೆಲ್ಲ ಹೊರಗಿನಿಂದ ಕಾಯಿಸಬೇಕು. ಇಂಥ ವಸ್ತುಗಳು ಬಿಸಿಯನ್ನು ಒಳಕ್ಕೆ ಬಿಟ್ಟುಕೊಳ್ಳುವುದು ನಿಧಾನ. ಆಸ್ಟ್ರೇಲಿಯಾದ ಮ್ಯಾಥ್ಯೂ ಹಿಲ್ ಮತ್ತು ಸಂಗಡಿಗರು ಆ ವಸ್ತುವಿನೊಳಗೇ ಕಾಂತೀಯ ಕಣಗಳನ್ನು ಹುದುಗಿಸಿ, ವೇಗವಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರಕ್ಕೆ ಒಡ್ಡಿದರು. ಕಣಗಳು ಒಳಗಿನಿಂದಲೇ ಬಿಸಿಯಾಗಿ ಅನಿಲ ಹೊರಬಂತು. ಕಣ ಇಲ್ಲಿ ಒಲೆ. ಅನಿಲಗಳ ಪೈಕಿ ತಾನೇ ಅಯಸ್ಕಾಂತದತ್ತ ಸರಿಯುವ ಪರಿಚಿತ ಅನಿಲ ಆಮ್ಲಜನಕ. ಆ ಗುಣವನ್ನೇ ಹಿಡಿದು ಲೈನಸ್ ಪೌಲಿಂಗ್ 1940ರಲ್ಲಿ ಆಮ್ಲಜನಕ ಅಳೆಯುವ ಉಪಕರಣ ಮಾಡಿದರು. ಅಳೆಯಲು ಸಾಕಾಗುವ ಆ ಸೆಳೆತ, ಗಾಳಿಯನ್ನು ಸೋಸಲು ಏನೇನೂ ಸಾಲದು.

ಇನ್ನು ಆ ಜಾಹೀರಾತು. ನೀರಿನ ಗಡಸುತನ ಎಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂದಾಯಿತು. ಪೈಪಿನೊಳಗೆ ಕಣವಿಲ್ಲ, ಲೇಪವಿಲ್ಲ. ಹೊರಗಿನಿಂದ ಕಚ್ಚಿಸಿದ ಎರಡು ಅಯಸ್ಕಾಂತದ ತುಂಡುಗಳ ನಡುವೆ ನೀರು ಹಾದುಹೋಗುತ್ತದೆ, ಮುಗಿಯಿತು. ಇಂಥ ಸಾಧನ ಪೈಪಿನಲ್ಲಿ ಕಟ್ಟುವ ಸುಣ್ಣದ ಸ್ವರೂಪವನ್ನು ಬದಲಿಸುತ್ತದೆಯೇ ಎಂದು ವಾದ ಮಾಡುವವರಿದ್ದಾರೆ, ಮಾಡಲಿ. ಆದರೆ ಸೋಸುತ್ತದೆ ಎನ್ನುವವರನ್ನು ಒಂದೇ ಪ್ರಶ್ನೆ ಕೇಳಿ: ಸೋಸಿದ್ದು ಎಲ್ಲಿದೆ? ನನ್ನ ಟ್ಯೂಬಿನ ಗೋಡೆಯ ಮೇಲೆ ಕಂದು ಪಟ್ಟಿ ಇರುತ್ತದೆ. ತಮ್ಮನ ಫಿಲ್ಟರ್ ತೊಳೆದರೆ ಕಪ್ಪು ನೀರು ಬರುತ್ತದೆ. ತೊಳೆಯುವುದೇ ಬೇಡದ, ತುಂಬಿಕೊಳ್ಳುವುದೇ ಇಲ್ಲದ ಫಿಲ್ಟರ್ ಯಾವುದನ್ನೂ ಹಿಡಿದಿಲ್ಲ. ಹಾಕಿಸಿಕೊಂಡವರು ಮೊದಲಿನ ನೀರು, ಆಮೇಲಿನ ನೀರು ಎರಡನ್ನೂ ಯಾವುದಾದರೂ ಪ್ರಯೋಗಾಲಯಕ್ಕೆ ಕೊಟ್ಟು ಗಡಸುತನ ಅಳೆಸಲಿ.

ಮುಂದೆ ಇಂಥ ಸುದ್ದಿ ಬಂದಾಗ ನಿಮ್ಮ ವರದಿಗಾರರು ಕಣದ ಮೈಮೇಲೆ ಏನಿದೆ, ಎಷ್ಟನೆಯ ತೊಳೆತಕ್ಕೆ ಅದರ ಹಿಡಿತ ಸಡಿಲವಾಗುತ್ತದೆ, ಅಯಸ್ಕಾಂತಕ್ಕೆ ಸಿಗದೆ ಎಷ್ಟು ಕಣ ನೀರಿನ ಜೊತೆ ಹೊರಟುಹೋಗುತ್ತದೆ ಎಂದು ಕೇಳಲಿ. ಕೊನೆಯದನ್ನು ಕೇಳಿದರೆ ಬಹಳ ಜನ ಮಾತು ಬದಲಿಸುತ್ತಾರೆ.

ಸದ್ಯಕ್ಕೆ ಮಾತ್ರ ಬರಹದ ಜೊತೆ ಅಚ್ಚಾದ ಚಿತ್ರದ ಕೆಳಗಿನ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಕಪ್ಪಗೆ ಹೊಳೆಯುವ, ಮೈಯೆಲ್ಲ ಮುಳ್ಳು ಎದ್ದ ಆ ಗುಂಡನ್ನು ‘ನೀರಿನ ವಿಷ ಹೀರಿದ ಅಯಸ್ಕಾಂತ’ ಎಂದಿದ್ದೀರಿ. ಅದು ಫೆರೋಫ್ಲೂಯಿಡ್. ಮ್ಯಾಗ್ನೆಟೈಟ್ ಹರಳುಗಳು ಒಂದಕ್ಕೊಂದು ಅಂಟದಂತೆ ಎಣ್ಣೆಯಂಥ ದ್ರವದಲ್ಲಿ ತೇಲಿಸಿದ ದ್ರಾವಣ. ತೂಕವಿಲ್ಲದ ಜಾಗದಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಂಜಿನ್ನಿನ ಕಡೆ ಎಳೆಯಬಹುದೇ ಎಂದು ನೋಡಲು 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಮಾಡಿದ್ದು. ಮುಳ್ಳುಗಳು ಏಳುವುದು ಕಾಂತಕ್ಷೇತ್ರ ಮೇಲೆತ್ತುವುದಕ್ಕೂ ದ್ರವದ ಭಾರ ಮತ್ತು ಮೇಲ್ಮೈ ಬಿಗಿತ ಕೆಳಗೆಳೆಯುವುದಕ್ಕೂ ನಡೆಯುವ ಜಗ್ಗಾಟದಿಂದ. ಅದನ್ನು ಲೆಕ್ಕ ಹಾಕಿ ವಿವರಿಸಿದವರಲ್ಲಿ ಒಬ್ಬರು ಮೇಲೆ ಹೇಳಿದ ಅದೇ ರೋಸೆನ್ಸ್‌ವೈಗ್. ಚಿತ್ರ ಚೆಂದವಿದೆ, ಬದಲಿಸುವುದು ಬೇಡ. ಆದರೆ ಅದರಲ್ಲಿ ವಿಷವೂ ಇಲ್ಲ, ಸೋಸಿದ ನೀರೂ ಇಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು, ಪ್ರಯೋಗಾಲಯ ತಂತ್ರಜ್ಞೆ